ಹುಲ್ಲಿಗೆ ಪತ್ರವಿಲ್ಲದ ರ‍್ಯಾಂಚರ್: ಗ್ರ್ಯಾನ್‌ವಿಲ್ ಸ್ಟುವರ್ಟ್ ಮತ್ತು ಮೊಂಟಾನಾ ಟೆರಿಟರಿಯ ರಾಜಕೀಯ

ಪ್ರಶ್ನೆ: ಅಮೆರಿಕದ ಮೊಂಟಾನಾದಲ್ಲಿ ಗ್ರ್ಯಾನ್‌ವಿಲ್ ಸ್ಟುವರ್ಟ್ ಎಂಬ ರ‍್ಯಾಂಚರ್ 1883ರಲ್ಲಿ ಶಾಸನಸಭೆಯ ಮೇಲ್ಮನೆಗೆ ಅಧ್ಯಕ್ಷನಾಗಿದ್ದನಂತೆ. ಮರುವರ್ಷವೇ ಕುದುರೆಗಳ್ಳರನ್ನು ಹಿಡಿದು, ವಿಚಾರಣೆಯೂ ಇಲ್ಲದೆ ನೇಣು ಹಾಕಿದ ಗುಂಪಿಗೆ ಅವನೇ ಮುಂದಾಳು ಎಂದು ಓದಿದೆ. ಕಾನೂನು ಮಾಡುವವನೇ ಹೀಗೆ ಮಾಡಿದ್ದು ಹೇಗೆ? ಅಷ್ಟಕ್ಕೂ ದನ ಸಾಕುವವನಿಗೆ ರಾಜಕೀಯ ಏಕೆ ಬೇಕಿತ್ತು?

ಉತ್ತರ: ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ತಿಳಿದರೆ ಮೊದಲನೆಯದು ಅರ್ಥವಾಗುತ್ತದೆ, ಒಪ್ಪಿಗೆಯಾಗದಿದ್ದರೂ.

1880ರ ಸುಮಾರಿನ ಮೊಂಟಾನಾ ರ‍್ಯಾಂಚರ್ ಎಂದರೆ ದೊಡ್ಡ ಜಮೀನ್ದಾರ ಎಂದುಕೊಳ್ಳುವವರೇ ಹೆಚ್ಚು. ವಾಸ್ತವ ತಿರುಗುಮುರುಗು. ಸಾವಿರಾರು ದನವಿದ್ದವನ ಹೆಸರಲ್ಲಿ ನೂರಿನ್ನೂರು ಎಕರೆಗೂ ಹಕ್ಕುಪತ್ರ ಇರುತ್ತಿರಲಿಲ್ಲ. ದನ ಮೇಯುತ್ತಿದ್ದದ್ದು ಫೆಡರಲ್ ಸರ್ಕಾರದ ಬಯಲಿನಲ್ಲಿ. ಬಾಡಿಗೆಯಿಲ್ಲ, ಪರವಾನಗಿಯಿಲ್ಲ, ಬೇಲಿಯಿಲ್ಲ. ನಮ್ಮ ಗೋಮಾಳವನ್ನು ಒಂದು ಜಿಲ್ಲೆಯಷ್ಟು ಹಿಗ್ಗಿಸಿ, ಅದರ ಸುತ್ತ ಊರೂ ಪಂಚಾಯಿತಿಯೂ ಇಲ್ಲ ಎಂದು ಕಲ್ಪಿಸಿಕೊಂಡರೆ ಹತ್ತಿರ ಬರುತ್ತದೆ.

ಲೆಕ್ಕ ಹಾಕಿ ನೋಡಿ. ಆ ಒಣ ಹುಲ್ಲುಗಾವಲಿನಲ್ಲಿ ಒಂದು ದನ ವರ್ಷವಿಡೀ ಮೇಯಲು ಕಡಿಮೆಯೆಂದರೂ 25 ಎಕರೆ ಬೇಕು. 12,000 ದನಕ್ಕೆ 3 ಲಕ್ಷ ಎಕರೆಯಾಯಿತು. 1862ರ ಹೋಮ್‌ಸ್ಟೆಡ್ ಕಾಯ್ದೆ ಒಬ್ಬನಿಗೆ ಕೊಡುತ್ತಿದ್ದದ್ದು 160 ಎಕರೆ. 1877ರ ಮರುಭೂಮಿ ಜಮೀನು ಕಾಯ್ದೆಯಡಿ, ನೀರು ಹಾಯಿಸುತ್ತೇನೆಂದು ಒಪ್ಪಿಕೊಂಡವನಿಗೆ ಎಕರೆಗೆ 1.25 ಡಾಲರಿನಂತೆ 640 ಎಕರೆ. ಎರಡನ್ನೂ ಸೇರಿಸಿದರೂ ಒಂದು ಮೂಲೆಗೆ ಸಾಲದು. ಆದ್ದರಿಂದ ರ‍್ಯಾಂಚರ್ ತೊರೆಯ ದಂಡೆಯ ಒಂದು ತುಂಡನ್ನು ಮಾತ್ರ ಹೆಸರಿಗೆ ಮಾಡಿಕೊಳ್ಳುತ್ತಿದ್ದ. ನೀರು ತನ್ನ ಕೈಯಲ್ಲಿದ್ದರೆ ಹಿಂದಿನ ಒಣ ಬಯಲಿಗೆ ಇನ್ನೊಬ್ಬ ದನ ಹೊಡೆದುಕೊಂಡು ಬರಲಾರ ಎಂಬುದು ಅವನ ಎಣಿಕೆ. ಹಾಗೆಂದು ಬಂದವನನ್ನು ತಡೆಯಲು ಅವನಿಗೆ ಹಕ್ಕಿರಲಿಲ್ಲ. ಬೇಲಿ ಹಾಕುವಂತೆಯೂ ಇರಲಿಲ್ಲ. ಸರ್ಕಾರಿ ಜಮೀನಿಗೆ ಬೇಲಿ ಸುತ್ತುವುದನ್ನು 1885ರ ಫೆಬ್ರವರಿಯಲ್ಲಿ ಕಾಂಗ್ರೆಸ್, ಎಂದರೆ ಅಮೆರಿಕದ ಸಂಸತ್ತು, ಕಾಯ್ದೆ ಮಾಡಿಯೇ ನಿಷೇಧಿಸಿತು.

ಜಮೀನಿನ ಒಡೆಯನಿಗೆ ಪತ್ರವೊಂದು ಕೊಡುವ ರಕ್ಷಣೆಯನ್ನೆಲ್ಲ ಈತ ಬೇರೆ ದಾರಿಯಿಂದ ಗಳಿಸಬೇಕಿತ್ತು. ಈ ದನ ಯಾರದ್ದು ಎನ್ನುವುದಕ್ಕೆ ಬರೆಯ (ಕಾಯಿಸಿದ ಕಬ್ಬಿಣದಿಂದ ಚರ್ಮದ ಮೇಲೆ ಒತ್ತುವ ಒಡೆಯನ ಗುರುತು) ನೋಂದಣಿ. ಕರುಗಳನ್ನು ಯಾವಾಗ, ಯಾರೆದುರು ಒಟ್ಟುಗೂಡಿಸಿ ಬರೆ ಹಾಕಬೇಕು ಎನ್ನುವುದಕ್ಕೆ ರೌಂಡಪ್ ನಿಯಮ. ರೈಲಿಗೆ ಹತ್ತುವ ದನದ ಮೇಲಿನ ಬರೆ ಮಾರುವವನದ್ದೇ ಹೌದೇ ಎಂದು ನೋಡಲು ಇನ್‌ಸ್ಪೆಕ್ಟರ್. ಟೆಕ್ಸಸ್ ಕಡೆಯಿಂದ ಬರುವ ಹಿಂಡು ರೋಗ ತಾರದಂತೆ ತಪಾಸಣೆ. ಇವಿಷ್ಟೂ ಶಾಸನಸಭೆಯಲ್ಲಿ ಹುಟ್ಟಬೇಕಾದ ಸಂಗತಿಗಳು. ರಾಜಕೀಯ ಅವನಿಗೆ ದನ ಸಾಕಣೆಯದೇ ಒಂದು ಕೆಲಸವಾಗಿತ್ತು.

ಇನ್ನು ಸ್ಟುವರ್ಟ್. 1834ರಲ್ಲಿ ಈಗಿನ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಹುಟ್ಟಿ, ಐಯೊವಾದಲ್ಲಿ ಬೆಳೆದ. 1852ರಲ್ಲಿ ತಂದೆ ಮತ್ತು ಅಣ್ಣ ಜೇಮ್ಸ್ ಜೊತೆ ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಗೆ ಹೋದ. 1857ರಲ್ಲಿ ಮನೆಗೆ ಮರಳುವಾಗ ದಾರಿಯಲ್ಲಿ ಕಾಯಿಲೆ ಬಿದ್ದ. ಅದೇ ಹೊತ್ತಿಗೆ ಯೂಟಾದಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದವರಿಗೂ ಅಮೆರಿಕದ ಸೇನೆಗೂ ಜಟಾಪಟಿ ಶುರುವಾಗಿ ಪೂರ್ವದ ದಾರಿ ಮುಚ್ಚಿತು. ಹಾಗಾಗಿ ಅಣ್ಣತಮ್ಮಂದಿರು ಉತ್ತರಕ್ಕೆ ತಿರುಗಿ ಮೊಂಟಾನಾ ಸೇರಿದರು. 1858ರಲ್ಲಿ ಡೀರ್ ಲಾಡ್ಜ್ ಕಣಿವೆಯ ಹತ್ತಿರ ಅವರಿಗೆ ಚಿನ್ನದ ಸುಳಿವು ಸಿಕ್ಕಿದ ಜಾಗಕ್ಕೆ ಗೋಲ್ಡ್ ಕ್ರೀಕ್ ಎಂದೇ ಹೆಸರು. 1883ರ ಸೆಪ್ಟೆಂಬರ್‌ನಲ್ಲಿ ನಾರ್ದರ್ನ್ ಪೆಸಿಫಿಕ್ ರೈಲುದಾರಿಯ ಕೊನೆಯ ಮೊಳೆ ಹೊಡೆದದ್ದೂ ಅಲ್ಲೇ. 1862ರಲ್ಲಿ ಶೊಶೋನಿ ಜನಾಂಗದ ಅವ್‌ಬೊನಿ ಎಂಬ ಹುಡುಗಿಯನ್ನು ಮದುವೆಯಾದ. 1888ರಲ್ಲಿ ಆಕೆ ತೀರಿಹೋಗುವವರೆಗೂ ಆ ಸಂಸಾರ ನಡೆಯಿತು.

ನಿಮ್ಮ ಪ್ರಶ್ನೆಯಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕು. ಸ್ಟುವರ್ಟ್ ರ‍್ಯಾಂಚರ್ ಆಗಿ ಆಮೇಲೆ ರಾಜಕೀಯಕ್ಕೆ ಬಂದವನಲ್ಲ. 1870ರ ದಶಕದಲ್ಲೇ, ಅಂಗಡಿ, ಗಣಿ, ಲೆಕ್ಕಪತ್ರ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಮಾಡಿಕೊಂಡಿದ್ದಾಗಲೇ, ಡೆಮಾಕ್ರಟ್ ಆಗಿ ಶಾಸನಸಭೆ ನೋಡಿ ಬಂದಿದ್ದ. ದೊಡ್ಡ ಹಿಂಡಿಗೆ ಕೈ ಹಾಕಿದ್ದು 1879ರಲ್ಲಿ. ಹೆಲೆನಾದ ಬ್ಯಾಂಕರ್ ಸ್ಯಾಮ್ಯುಯೆಲ್ ಹೌಸರ್, ಡೇವಿಸ್ ಸಹೋದರರು ಮತ್ತು ಸ್ಟುವರ್ಟ್ ಸೇರಿ 1,50,000 ಡಾಲರ್ ಬಂಡವಾಳದ ಕಂಪನಿ ಕಟ್ಟಿದರು. ಮೂವರ ಹೆಸರಿನ ಮೊದಲ ಅಕ್ಷರ ಹಿಡಿದು ಅದು ಡಿಎಚ್‌ಎಸ್ ಎಂದಾಯಿತು. ಹಣದಲ್ಲಿ ದೊಡ್ಡ ಪಾಲು ಉಳಿದವರದ್ದು. ಸ್ಟುವರ್ಟ್ ಹಾಕಿದ್ದು ಮುಖ್ಯವಾಗಿ ತನ್ನ ಅನುಭವ ಮತ್ತು ದುಡಿಮೆ. ಹುಲ್ಲು ಹುಡುಕಲು 1880ರ ವಸಂತದಲ್ಲಿ ಕುದುರೆ ಏರಿ ಯೆಲ್ಲೊಸ್ಟೋನ್ ಕಣಿವೆಯತ್ತ ಹೊರಟ, ಕೊನೆಗೆ ಮಧ್ಯ ಮೊಂಟಾನಾದ ಜೂಡಿತ್ ಬೆಟ್ಟಗಳ ಬುಡದಲ್ಲಿ ಜಾಗ ಆರಿಸಿದ. ಹರಿವ ತೊರೆ, ಚಳಿಗಾಳಿಗೆ ಮರೆಯಾಗುವ ಗುಡ್ಡ, ಕೊಯ್ದು ಒಣಗಿಸಲು ಹುಲ್ಲಿನ ತಗ್ಗು ಮೂರೂ ಅಲ್ಲಿದ್ದವು.

ಅದೇ ಬೇಸಿಗೆಯ ಕೊನೆಗೆ ಸೇನೆ ಪಕ್ಕದಲ್ಲೇ ಫೋರ್ಟ್ ಮಗಿನಿಸ್ ಎಂಬ ಠಾಣೆ ಕಟ್ಟತೊಡಗಿತು. ರ‍್ಯಾಂಚರ್‌ಗಳಿಗೆ ಬೇಕಾಗಿದ್ದ ರಕ್ಷಣೆಯೇನೋ ಬಂತು. ಆದರೆ ಸೇನೆ ತನ್ನ ಮೀಸಲು ಜಾಗದ ಗಡಿ ಗೆರೆ ಎಳೆದಾಗ ಸ್ಟುವರ್ಟ್ ಕಣ್ಣಿಟ್ಟಿದ್ದ ಹುಲ್ಲಿನ ತಗ್ಗಿನ ಒಳ್ಳೆಯ ಭಾಗ ಸೇನೆಯ ಗೆರೆಯೊಳಗೆ ಹೋಯಿತು. ಪತ್ರವಿಲ್ಲದವನ ಪಾಡು ಅದು. ಠಾಣೆಯ ಹೆಸರೂ ಗಮನಿಸಬೇಕಾದದ್ದು: ಮಾರ್ಟಿನ್ ಮಗಿನಿಸ್ ಎಂದರೆ ವಾಷಿಂಗ್ಟನ್‌ನಲ್ಲಿ ಮೊಂಟಾನಾದ ಪ್ರತಿನಿಧಿಯಾಗಿದ್ದವನು.

ಆ ಬಯಲು ಖಾಲಿ ಬಿದ್ದಿತ್ತು ಎಂದು ರ‍್ಯಾಂಚರ್‌ಗಳು ಹೇಳುತ್ತಿದ್ದರು. ಹಾಗೇನಿರಲಿಲ್ಲ. ಹಲವು ಬುಡಕಟ್ಟುಗಳ ಬೇಟೆಯ ನೆಲ ಅದು. 1880ರಲ್ಲಿ ಸ್ಟುವರ್ಟ್ ಹೋದಾಗ ಕಣ್ಣು ಹಾಯಿಸಿದಲ್ಲೆಲ್ಲ ಬೈಸನ್ ಎಂಬ ಕಾಡುದನಗಳಿದ್ದವು. 1883ರ ಚಳಿಗಾಲದ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಆ ಬಯಲುಗಳಲ್ಲಿ ಸುಮಾರು 6 ಲಕ್ಷ ದನಗಳಿದ್ದವು ಎಂದು ಅವನೇ ಅಂದಾಜು ಕೊಟ್ಟಿದ್ದಾನೆ. ಬೈಸನ್ ಹೋದ ಮೇಲೆ ಹಸಿದ ಬೇಟೆಗಾರರು ದನ ಕಡಿದರೆ, ಮೀಸಲು ಪ್ರದೇಶದಿಂದ ಅವರನ್ನು ಹೊರಬಿಡಬೇಡಿ ಎಂದು ಸೇನೆಗೆ ಒತ್ತಡ ತರುವುದೂ ರ‍್ಯಾಂಚರ್ ರಾಜಕೀಯದ ಭಾಗವಾಗಿತ್ತು.

ಟೆರಿಟರಿ ಎಂದರೆ ಏನು ಎಂಬುದು ಇಲ್ಲಿ ಸ್ಪಷ್ಟವಾಗಬೇಕು, ಏಕೆಂದರೆ ಎಲ್ಲ ಕೆಟ್ಟದ್ದು ಆ ವ್ಯವಸ್ಥೆಯ ಸಂದಿನಲ್ಲೇ. 1864ರಿಂದ 1889ರವರೆಗೆ ಮೊಂಟಾನಾ ರಾಜ್ಯವಾಗಿರಲಿಲ್ಲ. ಗವರ್ನರ್, ಕಾರ್ಯದರ್ಶಿ, ನ್ಯಾಯಾಧೀಶರು ಎಲ್ಲರೂ ಅಮೆರಿಕದ ಅಧ್ಯಕ್ಷ ನೇಮಿಸಿ ಕಳಿಸಿದವರು, ಬಹುಪಾಲು ಪೂರ್ವದ ಕಡೆಯ ಪಕ್ಷದ ಮಂದಿ. ಜನ ಆರಿಸುತ್ತಿದ್ದದ್ದು ಶಾಸನಸಭೆಯ ಎರಡು ಮನೆಗಳನ್ನು ಮತ್ತು ಕಾಂಗ್ರೆಸ್ಸಿಗೆ ಹೋಗುವ ಒಬ್ಬ ಪ್ರತಿನಿಧಿಯನ್ನು. ಆ ಪ್ರತಿನಿಧಿ ಮಾತಾಡಬಹುದು, ಮತ ಹಾಕುವಂತಿಲ್ಲ. ಶಾಸನಸಭೆ ಎರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ 60 ದಿನ ಸೇರುತ್ತಿತ್ತು. ಮೇಲ್ಮನೆಗೆ 12, ಕೆಳಮನೆಗೆ 24 ಮಂದಿ ಮೀರಬಾರದೆಂದು 1878ರಲ್ಲಿ ಕಾಂಗ್ರೆಸ್ ಕಟ್ಟು ಹಾಕಿತ್ತು. ಗವರ್ನರ್ ವೀಟೋ ಹಾಕಬಹುದಿತ್ತು. ಅದನ್ನೂ ದಾಟಿದ ಕಾನೂನನ್ನು ಕಾಂಗ್ರೆಸ್ ಅಳಿಸಿಹಾಕಬಹುದಿತ್ತು. 1867ರಲ್ಲಿ ಮೊಂಟಾನಾದ ಎರಡು ಅಧಿವೇಶನಗಳ ಕಾನೂನುಗಳನ್ನು ಒಟ್ಟೊಟ್ಟಿಗೆ ರದ್ದು ಮಾಡಿಯೂ ಇತ್ತು. ಒಳಗೆ ಇನ್ನೊಂದು ತೊಡಕು: ಜನ ಇದ್ದದ್ದು ಪಶ್ಚಿಮದ ಗಣಿ ಊರುಗಳಲ್ಲಿ, ದನ ಇದ್ದದ್ದು ಪೂರ್ವದ ಬಯಲಿನಲ್ಲಿ. ಮತ ಹಾಕುವವರು ಗಣಿಗಾರರು. ದನದವರ ಇನ್‌ಸ್ಪೆಕ್ಟರಿಗೆ ತಾವೇಕೆ ತೆರಿಗೆ ಕೊಡಬೇಕು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ.

1883ರ ಅಧಿವೇಶನದಲ್ಲಿ ಮೇಲ್ಮನೆಯ ಅಧ್ಯಕ್ಷಪೀಠದಲ್ಲಿ ಸ್ಟುವರ್ಟ್ ಕೂತಿದ್ದ. ದನ ಕಾಯುವ ಅಧಿಕೃತ ಮಂಡಳಿಯೊಂದನ್ನು ಕಟ್ಟಿ, ಇನ್‌ಸ್ಪೆಕ್ಟರ್‌ಗಳನ್ನು ನೇಮಿಸುವ ಮಸೂದೆ ಎರಡೂ ಮನೆ ದಾಟಿತು. ಅಧ್ಯಕ್ಷ ಆರ್ಥರ್ ನೇಮಿಸಿದ್ದ ಗವರ್ನರ್ ಜಾನ್ ಷೈಲರ್ ಕ್ರಾಸ್ಬಿ, ನ್ಯೂಯಾರ್ಕ್‌ನವನು, ವೀಟೋ ಹಾಕಿದ. ಮುಂದಿನ ಅಧಿವೇಶನ 1885ಕ್ಕೆ.

ನೀವು ಕೇಳಿದ ನೇಣುಗಳು ಬಿದ್ದದ್ದು ಈ ಎರಡು ವರ್ಷಗಳ ಮಧ್ಯೆ. ದನಗಾಹಿ ಪ್ರದೇಶದಲ್ಲಿ ಕಳವು ಎರಡು ಬಗೆ. ಬರೆಯಿಲ್ಲದ ಕರುವಿಗೆ ರೌಂಡಪ್ಪಿಗೆ ಮುಂಚೆ ಬಂದು ತನ್ನ ಬರೆ ಒತ್ತುವುದು ಒಂದು. ಕರು ತಾಯಿಯ ಹಿಂದೆ ಓಡಾಡುತ್ತಿರುವಾಗ ಮಾತ್ರ ಅದು ಯಾರದ್ದೆಂದು ಹೇಳಲಾಗುತ್ತದೆ, ಹಾಲು ಬಿಟ್ಟ ಮೇಲೆ ಸಾಕ್ಷಿಯೇ ಇಲ್ಲ. ಎರಡನೆಯದು ಕುದುರೆಗಳವು, ಇದು ಹೆಚ್ಚು ಏಟು ಕೊಡುತ್ತಿತ್ತು. ರೌಂಡಪ್ಪಿನಲ್ಲಿ ಒಬ್ಬ ಕೌಬಾಯ್‌ಗೆ ಎಂಟು ಹತ್ತು ಕುದುರೆ ಬೇಕು, ಹುಲ್ಲು ಮಾತ್ರ ತಿಂದ ಕುದುರೆ ದಿನವಿಡೀ ಓಡಲಾರದಾದ್ದರಿಂದ ದಿನಕ್ಕೆರಡು ಮೂರು ಬದಲಿಸಬೇಕು. ಕುದುರೆ ಹೋದರೆ ರೌಂಡಪ್ ನಿಂತಿತು, ಕರುಗಳಿಗೆ ಬರೆ ಬೀಳದೆ ಆ ವರ್ಷದ ಹುಟ್ಟುವಳಿಯೇ ಕೈತಪ್ಪಿತು. ಕಳ್ಳರ ನೆಲೆ ಮಿಸೌರಿ ನದಿಯ ಕಡಿದಾದ ಕೊರಕಲುಗಳಲ್ಲಿ, ಉಗಿದೋಣಿಗಳಿಗೆ ಸೌದೆ ಮಾರುವವರ ಗುಡಿಸಲುಗಳಲ್ಲಿ. ಇಲ್ಲಿನ ಕುದುರೆ ಕೆನಡಾದಲ್ಲಿ, ಕೆನಡಾದ್ದು ಇಲ್ಲಿ ಮಾರಾಟ. ಗಡಿ ದಾಟಿದರೆ ಬರೆಯನ್ನು ಓದುವವರಿಲ್ಲ.

ಪೊಲೀಸಿಗೆ ಹೋಗಬಾರದಿತ್ತೇ ಎನ್ನುತ್ತೀರಿ. ಸ್ಟುವರ್ಟ್‌ನ ರ‍್ಯಾಂಚ್ ಆಗ ಮೀಗರ್ ಕೌಂಟಿಯಲ್ಲಿತ್ತು; ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ. ಅದರ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಇದ್ದದ್ದು ವೈಟ್ ಸಲ್ಫರ್ ಸ್ಪ್ರಿಂಗ್ಸ್‌ನಲ್ಲಿ, ಸುಮಾರು ನೂರು ಮೈಲಿ ಆಚೆ. ಕಳ್ಳನನ್ನು ಹಿಡಿದು, ಸಾಕ್ಷಿಗಳನ್ನು ಕರೆದುಕೊಂಡು ಅಲ್ಲಿಗೆ ಕುದುರೆ ಮೇಲೆ ಹೋಗಿ ಬರುವಷ್ಟರಲ್ಲಿ ವಾರ ಕಳೆಯುತ್ತಿತ್ತು. ಜ್ಯೂರಿಯಲ್ಲಿ ಕೂತವರಿಗೆ ದೊಡ್ಡ ಕಂಪನಿಗಳ ಮೇಲೆ ಅಂಥ ಕನಿಕರವೂ ಇರಲಿಲ್ಲ.

1884ರ ಏಪ್ರಿಲ್‌ನಲ್ಲಿ ಮೈಲ್ಸ್ ಸಿಟಿಯಲ್ಲಿ ನಾನೂರಕ್ಕೂ ಹೆಚ್ಚು ದನದ ಮಾಲೀಕರು ಸೇರಿದರು. ಸಣ್ಣ ಸೇನೆಯನ್ನೇ ಕಟ್ಟಿ ಕಳ್ಳರ ಮೇಲೆ ಬೀಳೋಣ ಎಂಬ ಮಾತು ಬಂದಾಗ ಬಹಿರಂಗವಾಗಿ ವಿರೋಧಿಸಿದವನು ಸ್ಟುವರ್ಟೇ: ಕಳ್ಳರು ಗಟ್ಟಿ ನೆಲೆಗಳಲ್ಲಿ ಕೋವಿ ಹಿಡಿದು ಕೂತಿದ್ದಾರೆ, ನಮ್ಮವರೇ ಹೆಚ್ಚು ಸಾಯುತ್ತಾರೆ, ಮೇಲೆ ಕೊಲೆ ಕೇಸು ಬೀಳುತ್ತದೆ ಎಂದ. ಸಭೆ ಏನೂ ನಿರ್ಣಯ ಮಾಡದೆ ಎದ್ದಿತು, ಸುದ್ದಿ ಕಳ್ಳರಿಗೂ ಮುಟ್ಟಿತು. ಅದಾಗಿ ಮೂರು ತಿಂಗಳಿಗೆ ತನ್ನದೇ ರ‍್ಯಾಂಚಿನಲ್ಲಿ ಸೇರಿದ ಪುಟ್ಟ ಗುಂಪಿನೊಡನೆ ಅವನು ಸದ್ದಿಲ್ಲದೆ ಕೆಲಸಕ್ಕಿಳಿದ. ಆಗ ಆಡಿದ್ದು ನಾಟಕ ಎನ್ನುವವರಿದ್ದಾರೆ. ನನಗೆ ತೋರುವುದು ಬೇರೆ: ಅವನ ತಕರಾರು ನೇಣಿನ ಮೇಲಿರಲಿಲ್ಲ, ನಾನೂರು ಕಿವಿಗಳ ಮೇಲಿತ್ತು.

ಜುಲೈ ತಿಂಗಳಿಡೀ ನಡೆದ ಈ ದಾಳಿಗಳಲ್ಲಿ ದೊಡ್ಡದು ಮಸೆಲ್‌ಶೆಲ್ ನದಿ ಮಿಸೌರಿಗೆ ಸೇರುವಲ್ಲಿಂದ ಕೆಳಗೆ ಬೇಟ್ಸ್ ಪಾಯಿಂಟ್‌ನಲ್ಲಿ. ಗುಡಿಸಲನ್ನು ಮುತ್ತಿ ಬೆಂಕಿ ಹಾಕಿದರು. ತಪ್ಪಿಸಿಕೊಂಡ ಕೆಲವರು ತೆಪ್ಪ ಕಟ್ಟಿ ಹೊಳೆಯಲ್ಲಿ ಕೆಳಗೆ ಹೋದರು, ಸೈನಿಕರ ಕೈಗೆ ಸಿಕ್ಕಿದರು. ಅವರನ್ನು ಕೋರ್ಟಿಗೆಂದು ಡೆಪ್ಯುಟಿ ಮಾರ್ಷಲ್ ಎಂಬ ಸರ್ಕಾರಿ ಅಧಿಕಾರಿ ವಾಪಸು ಕರೆತರುವಾಗ ದಾರಿಯಲ್ಲೇ ಕಿತ್ತುಕೊಂಡು ನೇಣು ಹಾಕಿದರು. ಈ ಒಂದು ಸಂಗತಿ ಇಡೀ ಸಮರ್ಥನೆಯನ್ನು ಬುಡಮೇಲು ಮಾಡುತ್ತದೆ. ಕಾನೂನು ಕೈಗೆ ಸಿಗದಷ್ಟು ದೂರ ಎಂಬುದು ಅವರ ವಾದ. ಅಲ್ಲಿ ಕಾನೂನು ಎದುರಿಗೇ ನಿಂತಿತ್ತು, ಕೈದಿಗಳನ್ನು ಹಿಡಿದುಕೊಂಡು. ಬೇಟ್ಸ್ ಪಾಯಿಂಟ್‌ನಲ್ಲಿ 165, ಉಳಿದೆಡೆ 119 ಕುದುರೆಗಳು ಸಿಕ್ಕವು ಎಂಬುದು ಸ್ಟುವರ್ಟ್ ಕೊಟ್ಟ ಲೆಕ್ಕ. ಸತ್ತವರ ಲೆಕ್ಕ ಅಷ್ಟು ನೇರವಿಲ್ಲ: ಇಪ್ಪತ್ತರ ಆಸುಪಾಸು ಎಂದರೆ ಜಾಗರೂಕ ಅಂದಾಜು, ಜನರ ಬಾಯಲ್ಲಿ ಅದು ನೂರರವರೆಗೂ ಹೋಗಿದೆ. ವಿಚಾರಣೆಯೇ ನಡೆಯದಿದ್ದ ಮೇಲೆ ಅವರಲ್ಲಿ ಎಷ್ಟು ಮಂದಿ ಕಳ್ಳರು, ಎಷ್ಟು ಮಂದಿ ಕಳ್ಳರ ಪಕ್ಕದಲ್ಲಿದ್ದ ಸೌದೆಯವರು ಎಂದು ಯಾರೂ ತೀರ್ಮಾನಿಸುವಂತಿಲ್ಲ. ಯಾರ ಮೇಲೂ ಮೊಕದ್ದಮೆಯಾಗಲಿಲ್ಲ. ಪತ್ರಿಕೆಗಳು ಅವರಿಗೆ ‘ಕತ್ತು ಹಿಚುಕುವವರು’ ಎಂಬ ಅರ್ಥದ ಹೆಸರಿಟ್ಟವು. ಅದು ಬೈಗುಳದಷ್ಟೇ ಮೆಚ್ಚುಗೆಯೂ ಆಗಿತ್ತು.

1885ರ ಅಧಿವೇಶನ ಸೇರಿದಾಗ ಕ್ರಾಸ್ಬಿ ಹೋಗಿ ಕಾರ್ಪೆಂಟರ್ ಎಂಬವನು ಗವರ್ನರ್ ಆಗಿದ್ದ. ದನದವರಿಗೆ ಬೇಕಾದ್ದೆಲ್ಲ ಆಗಿಹೋಯಿತು. ಸ್ಟಾಕ್ ಕಮಿಷನರ್‌ಗಳ ಮಂಡಳಿ ಬಂತು, ಸ್ಟುವರ್ಟ್ ಅದರ ಅಧ್ಯಕ್ಷನಾದ. ಇನ್‌ಸ್ಪೆಕ್ಟರ್‌ಗಳ ಸಂಬಳಕ್ಕೆ ಜಾನುವಾರುಗಳ ಮೇಲೆಯೇ ತೆರಿಗೆ ಹಾಕಿದ್ದರಿಂದ ಗಣಿಯವರ ತಕರಾರಿಗೆ ಉತ್ತರವೂ ಸಿಕ್ಕಿತು; ನನ್ನ ಕಣ್ಣಿಗೆ ಈ ಮಸೂದೆಯ ಜಾಣತನ ಅಲ್ಲಿದೆ. ಟೆರಿಟರಿಗೊಬ್ಬ ಪಶುವೈದ್ಯ ಬಂದ. ಮೀಗರ್‌ನಿಂದ ಒಂದು ಭಾಗ ಕತ್ತರಿಸಿ ಹೊಸ ಕೌಂಟಿ ಮಾಡಿದರು. ಶೆರಿಫ್ ಹತ್ತಿರ ಬರಬೇಕಿತ್ತಲ್ಲ. ಅದಕ್ಕಿಟ್ಟ ಹೆಸರು ಫರ್ಗಸ್, ಸ್ಟುವರ್ಟ್‌ನ ನೆರೆಯ ರ‍್ಯಾಂಚರ್ ಮತ್ತು ಶಾಸಕ ಜೇಮ್ಸ್ ಫರ್ಗಸ್‌ನದು. ಅದೇ ವರ್ಷ ಪೂರ್ವ, ಪಶ್ಚಿಮದ ದನದವರ ಸಂಘಗಳು ಒಂದಾಗಿ ಮೊಂಟಾನಾ ಸ್ಟಾಕ್‌ಗ್ರೋಯರ್ಸ್ ಅಸೋಸಿಯೇಷನ್ ಆಯಿತು, ಸ್ಟುವರ್ಟ್ ಅದಕ್ಕೂ ಅಧ್ಯಕ್ಷ. ಜುಲೈನಲ್ಲಿ ಅಧ್ಯಕ್ಷ ಕ್ಲೀವ್‌ಲೆಂಡ್ ಅವನ ಪಾಲುದಾರ ಹೌಸರ್‌ನನ್ನೇ ಗವರ್ನರ್ ಮಾಡಿದ. ಮೊಂಟಾನಾ ನಿವಾಸಿಯೊಬ್ಬ ಆ ಹುದ್ದೆಗೆ ಬಂದದ್ದು ಅದೇ ಮೊದಲು. ಒಬ್ಬ ರ‍್ಯಾಂಚರ್‌ಗೆ ಟೆರಿಟರಿ ರಾಜಕೀಯದಿಂದ ಇದಕ್ಕಿಂತ ಹೆಚ್ಚು ಸಿಗುವುದು ಸಾಧ್ಯವಿರಲಿಲ್ಲ.

ಹಾಗೆಂದು ಕಾನೂನು ಎಣಿಸಿದಂತೆ ನಡೆಯುತ್ತದೆ ಎಂದಲ್ಲ. ಹುಲ್ಲು ತಿನ್ನುವ ಪ್ರೇರಿ ಡಾಗ್ (ಬಿಲ ತೋಡುವ ಅಳಿಲಿನ ಜಾತಿಯ ಪ್ರಾಣಿ) ಮತ್ತು ನೆಲ ಅಳಿಲುಗಳನ್ನು ಕೊಂದು ತಂದವರಿಗೆ ಒಂದಕ್ಕೆ 10 ಸೆಂಟ್, ಇನ್ನೊಂದಕ್ಕೆ 5 ಸೆಂಟ್ ಬಹುಮಾನ ಎಂದು 1887ರಲ್ಲಿ ಶಾಸನ ಮಾಡಿದರು. ಜನ ಬೇರೆ ಕೆಲಸ ಬಿಟ್ಟು ಅಳಿಲಿನ ಹಿಂದೆ ಬಿದ್ದರು, ಖಜಾನೆ ಬರಿದಾಗತೊಡಗಿತು, ಅದೇ ವರ್ಷ ವಿಶೇಷ ಅಧಿವೇಶನ ಕರೆದು ಕಾನೂನನ್ನು ಹಿಂತೆಗೆದುಕೊಳ್ಳಬೇಕಾಯಿತು.

ದೊಡ್ಡ ಏಟು ಬಂದದ್ದು ಬೇರೆ ಕಡೆಯಿಂದ. ಹುಲ್ಲು ಯಾರದ್ದೂ ಅಲ್ಲವಾದ್ದರಿಂದ ಎಷ್ಟು ದನ ಬಿಡಬೇಕೆಂದು ಯಾರೂ ಹೇಳುವಂತಿರಲಿಲ್ಲ. ಲಾಭದ ಸುದ್ದಿ ಹಬ್ಬಿತ್ತು: 1883ರಲ್ಲಿ ಕಾನ್ರಾಡ್ ಕೋರ್ಸ್ ಎಂಬ ರ‍್ಯಾಂಚರ್ ಡೇವಿಸ್ ಪಾಲನ್ನು ಕೊಂಡಾಗ 12,000 ದನದ ಡಿಎಚ್‌ಎಸ್‌ಗೆ ಕಟ್ಟಿದ ಬೆಲೆ 4 ಲಕ್ಷ ಡಾಲರ್, ತಲೆಗೆ 33 ಡಾಲರಿನ ಮೇಲೆ. ಪೂರ್ವದ, ಬ್ರಿಟನ್ನಿನ ಹಣ ಹರಿದುಬಂತು, ಹಿಂಡುಗಳು ತುಂಬಿದವು. ಎಷ್ಟೋ ಕಂಪನಿಗಳು ದನವನ್ನು ಎಣಿಸದೆ ಪುಸ್ತಕದ ಲೆಕ್ಕವನ್ನೇ ನಂಬಿ ಕೊಂಡವು. ಇಷ್ಟು ಹಸು, ಇಷ್ಟು ಕರು ಹುಟ್ಟಿರಬೇಕು ಎಂಬ ಕೂಡುಬಡ್ಡಿಯ ಲೆಕ್ಕ ಅದು, ಚಳಿಯಲ್ಲಿ ಸತ್ತದ್ದು ಅದರಲ್ಲಿ ಬರುತ್ತಿರಲಿಲ್ಲ.

1886ರ ಬೇಸಿಗೆಯಲ್ಲಿ ಮಳೆ ಕೈಕೊಟ್ಟು ಬಯಲುಗಳು ಹೊತ್ತಿ ಉರಿದವು. ಚಿಕಾಗೋದಲ್ಲಿ ಬೆಲೆ ಬಿದ್ದಿದ್ದರಿಂದ ಮಾರಬೇಕಾದ ದನವನ್ನೂ ಹಲವರು ಬಯಲಲ್ಲೇ ಉಳಿಸಿಕೊಂಡರು. ಚಳಿಗಾಲ ಬೇಗ ಬಂತು. 1887ರ ಜನವರಿ 9ರಂದು ಸುರಿಯತೊಡಗಿದ ಹಿಮ 16 ಗಂಟೆ, ಗಂಟೆಗೊಂದು ಅಂಗುಲದಂತೆ ಬಿತ್ತು. ಉಷ್ಣಾಂಶ ಕೆಲವೇ ದಿನಗಳಲ್ಲಿ ಮೈನಸ್ 46 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಮೈನಸ್ 43 ಸೆಲ್ಸಿಯಸ್ ಮುಟ್ಟಿತು. ಹಿಮಕ್ಕಿಂತ ಅದರ ಮೇಲೆ ಕಟ್ಟುವ ಮಂಜುಗಡ್ಡೆಯ ಹೊಪ್ಪಳೆ ದನವನ್ನು ಕೊಲ್ಲುತ್ತದೆ. ಹಿಮ ಒಂದಿಷ್ಟು ಕರಗಿ ಮತ್ತೆ ಹೆಪ್ಪುಗಟ್ಟಿದರೆ ಆ ಹೊಪ್ಪಳೆ ಆಗುತ್ತದೆ. ಕುದುರೆ ಗೊರಸಿನಿಂದ ಕೆದಕಿ ಹುಲ್ಲು ತೆಗೆಯುತ್ತದೆ. ದನಕ್ಕೆ ಆ ಅಭ್ಯಾಸವಿಲ್ಲ, ಮೂತಿಯಿಂದ ನೂಕಿ ನೋಡುತ್ತದೆ, ಮೂತಿ ಹರಿದು ರಕ್ತ ಬರುತ್ತದೆ. ನಡೆದರೆ ಹೊಪ್ಪಳೆ ಮುರಿದು ಅದರ ಅಂಚಿಗೆ ಕಾಲಿನ ಚರ್ಮ ಸುಲಿಯುತ್ತದೆ. ಕೊನೆಗೆ ಗಾಳಿಗೆ ಬೆನ್ನು ಮಾಡಿ ಹಳ್ಳಕ್ಕೆ ಇಳಿದು ನಿಂತಲ್ಲೇ ನಿಲ್ಲುತ್ತದೆ.

ಒಣಹುಲ್ಲು ಕೂಡಿಡಬಾರದಿತ್ತೇ? ದನಕ್ಕೆ ದಿನಕ್ಕೆ 10 ಕಿಲೋದಂತೆ ನಾಲ್ಕು ತಿಂಗಳಿಗೆ 1,200 ಕಿಲೋ. 12,000 ದನಕ್ಕೆ 14,400 ಟನ್. ಕೊಯ್ಯುವ ಆಳಿರಲಿಲ್ಲ, ಕೊಯ್ಯುವ ತಗ್ಗು ಸೇನೆಯ ಗೆರೆಯೊಳಗಿತ್ತು. ರ‍್ಯಾಂಚ್‌ಗಳು ಕೂಡಿಡುತ್ತಿದ್ದದ್ದು ಸವಾರಿ ಕುದುರೆಗಳಿಗೆ, ಹೆಚ್ಚೆಂದರೆ ಬೀಜದ ಹೋರಿಗಳಿಗೆ.

ಮೊಂಟಾನಾದ ದನಗಳಲ್ಲಿ ಶೇಕಡಾ 60ರಷ್ಟು ಸತ್ತವು ಎಂಬುದು ರೂಢಿಯ ಅಂದಾಜು. ಸ್ಟುವರ್ಟ್‌ನ ಹಿಂಡಿನಲ್ಲಿ ಮೂರರಲ್ಲಿ ಎರಡು ಪಾಲು. ಕೋರ್ಸ್ ಒಂದು ಲಕ್ಷ ಡಾಲರ್ ಸಾಲ ಎತ್ತಿ ವ್ಯಾಪಾರ ಮುಂದುವರಿಸಿದ, ಗೆದ್ದ. ಡೀರ್ ಲಾಡ್ಜ್‌ನಲ್ಲಿ ಅವನಿಗೆ ಸ್ವಂತ ಜಮೀನಿತ್ತು ಎಂಬುದನ್ನು ಮರೆಯಬಾರದು. ಸ್ಟುವರ್ಟ್ ಕೈಬಿಟ್ಟ. ಮೇವು ಹಾಕಿ ಮರೆ ಕೊಡಲಾಗದ ಪ್ರಾಣಿಯನ್ನು ಇನ್ನು ಸಾಕಲಾರೆ ಎಂದವನ ಮಾತಿನಲ್ಲಿ ಪಶ್ಚಾತ್ತಾಪ ನಿಜವಾಗಿತ್ತು ಎಂದೇ ನನ್ನೆಣಿಕೆ. ನೇಣು ಬಿದ್ದವರ ಬಗ್ಗೆ ಅಂಥ ಮಾತು ಅವನಿಂದ ಬಂದಿಲ್ಲ.

ಮುಂದಿನದು ಚಿಕ್ಕ ಕಥೆ. ಅವ್‌ಬೊನಿ ತೀರಿಕೊಂಡ ಮೇಲೆ ಸ್ಟುವರ್ಟ್ ಚಿಕ್ಕ ಮಕ್ಕಳನ್ನು ಸೇಂಟ್ ಇಗ್ನೇಶಿಯಸ್ ಮಿಷನ್ ಶಾಲೆಗೆ ಸೇರಿಸಿ ಬೇರೆ ಮದುವೆಯಾದ. 1889ರ ನವೆಂಬರ್ 8ರಂದು ಮೊಂಟಾನಾ ರಾಜ್ಯವಾಯಿತು. 1891ರಲ್ಲಿ ಅದರ ಜಮೀನು ಏಜೆಂಟ್ ಆಗಿ ಶಾಲೆಗಳ ಪಾಲಿನ ಸರ್ಕಾರಿ ಜಮೀನನ್ನು ಆರಿಸುವ ಕೆಲಸ ಮಾಡಿದ. ಕ್ಲೀವ್‌ಲೆಂಡ್ 1894ರಲ್ಲಿ ಅವನನ್ನು ಉರುಗ್ವೆ ಮತ್ತು ಪರಗ್ವೆಗೆ ರಾಯಭಾರಿಯಾಗಿ ಕಳಿಸಿದ, 1898ರಲ್ಲಿ ಮರಳಿದ. 1904ರಿಂದ ಬ್ಯೂಟ್ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಗ್ರಂಥಪಾಲಕನಾಗಿದ್ದ. 1918ರ ಅಕ್ಟೋಬರ್ 2ರಂದು ಮಿಸೌಲಾದಲ್ಲಿ ತೀರಿಕೊಂಡ.

ಇದೇ ಕಾಲದ ವಯೋಮಿಂಗ್ ಪಕ್ಕದಲ್ಲಿಟ್ಟು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ದನದವರಿಗೆ ಎದುರು ತೂಕವಾಗಿ ನಿಲ್ಲುವಷ್ಟು ಗಣಿಗಾರರಿರಲಿಲ್ಲ, ದನದವರ ಸಂಘವೇ ಸರ್ಕಾರದಂತಿತ್ತು. 1884ರ ಕಾಯ್ದೆಯಲ್ಲಿ ಬರೆಯಿಲ್ಲದ ಕರುಗಳನ್ನು ಹರಾಜು ಹಾಕುವ ಅಧಿಕಾರ ಖಾಸಗಿ ಸಂಘಕ್ಕೇ ಹೋಯಿತು. ರ‍್ಯಾಂಚರ್ ಫ್ರಾನ್ಸಿಸ್ ವಾರನ್ ಗವರ್ನರ್ ಆದ, ಜೋಸೆಫ್ ಕ್ಯಾರಿ ಕಾಂಗ್ರೆಸ್ಸಿನ ಪ್ರತಿನಿಧಿಯಾದ. ಸಣ್ಣ ಹಿಡುವಳಿದಾರರ ಸಿಟ್ಟು ಒಳಗೇ ಕುದಿದು, 1892ರಲ್ಲಿ ದೊಡ್ಡ ರ‍್ಯಾಂಚರ್‌ಗಳು ಬಾಡಿಗೆ ಬಂದೂಕುಧಾರಿಗಳನ್ನು ರೈಲಿನಲ್ಲಿ ತಂದು ಜಾನ್ಸನ್ ಕೌಂಟಿಯ ಮೇಲೆ ನುಗ್ಗುವವರೆಗೆ ಹೋಯಿತು. ಮೊಂಟಾನಾದಲ್ಲಿ ಅದು ಆಗದಿರಲು ಒಂದು ಕಾರಣ, ಸ್ಟುವರ್ಟ್ ಬೈದುಕೊಳ್ಳುತ್ತಿದ್ದ ಆ ಗಣಿ ಊರಿನ ಮತಗಳೇ.

1885ರ ಮಂಡಳಿ ಈಗಲೂ ಬೋರ್ಡ್ ಆಫ್ ಲೈವ್‌ಸ್ಟಾಕ್ ಎಂಬ ಹೆಸರಲ್ಲಿ ಇದೆ. ಮೊಂಟಾನಾದಲ್ಲಿ ದನದ ಬರೆಗಳನ್ನು ಹತ್ತು ವರ್ಷಕ್ಕೊಮ್ಮೆ ಮರುನೋಂದಣಿ ಮಾಡಿಸಬೇಕು. ಹಿಂದಿನ ಸುತ್ತು 2021ರಲ್ಲಿ ಆಯಿತು. ಕಣ್ಣಾರೆ ನೋಡಬೇಕೆಂದಿದ್ದರೆ ಡೀರ್ ಲಾಡ್ಜ್‌ನಲ್ಲಿ ಕೋರ್ಸ್‌ನ ಹಳೆಯ ರ‍್ಯಾಂಚನ್ನು 1972ರಿಂದ ರಾಷ್ಟ್ರೀಯ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ, ದನಗಳ ಸಮೇತ.